ಹುಂಜದ ಪಂದ್ಯದಲ್ಲಿ ಗೆದ್ದವನು ಯಾರು?

ಎರಡು ಹುಂಜಗಳು ಕಾದಾಡುತ್ತಿವೆ. ಮಂತ್ರ, ಮದ್ದು ಬಲ್ಲವನೊಬ್ಬ ಅಲ್ಲಿಗೆ ಬರುತ್ತಾನೆ. ಒಬ್ಬ ಮಾಲೀಕನನ್ನು ಗುಟ್ಟಾಗಿ ಕರೆದು, ಅವನ ಹುಂಜ ಗೆದ್ದರೆ ಪಣದ ಹಣ ತನಗೆ, ಸೋತರೆ ಅದರ ಮೂರರಲ್ಲಿ ಎರಡು ಪಾಲು ತಾನೇ ಕೊಡುವೆ ಎಂದು ಒಪ್ಪಿಸುತ್ತಾನೆ. ಇನ್ನೊಬ್ಬನ ಜೊತೆಗೂ ಅದೇ ಒಪ್ಪಂದ. ಸೋತರೆ ಕೊಡುವುದು ಮಾತ್ರ ನಾಲ್ಕರಲ್ಲಿ ಮೂರು ಪಾಲು. ಯಾವ ಹುಂಜ ಗೆದ್ದರೂ ಈ ಮಧ್ಯದವನಿಗೆ ಉಳಿಯುವುದು 12 ಹೊನ್ನು. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಪ್ಲೇಸ್‌ಮೆಂಟ್ ಪರೀಕ್ಷೆಗೆ ಓದುತ್ತಿರುವವರಿಗೆ ಇದು ಆಪ್ಟಿಟ್ಯೂಡ್ ಪುಸ್ತಕದ ಲೆಕ್ಕದಂತೆ ಕಾಣಬಹುದು. ಆದರೆ ಇದನ್ನು ಬರೆದವರು ಕ್ರಿ.ಶ. 850ರ ಸುಮಾರಿನಲ್ಲಿದ್ದ ನಮ್ಮ ನಾಡಿನ ಗಣಿತಜ್ಞ ಮಹಾವೀರಾಚಾರ್ಯರು. ಉತ್ತರ 42 ಮತ್ತು 40. ಮೊದಲನೆಯವನು ಗೆದ್ದರೆ 42 ಬರುತ್ತದೆ, 40ರ ಮುಕ್ಕಾಲು ಪಾಲು 30 ಹೋಗುತ್ತದೆ. ಎರಡನೆಯವನು ಗೆದ್ದರೆ 40 ಬರುತ್ತದೆ, 28 ಹೋಗುತ್ತದೆ. ಎರಡೂ ಸಲ ಉಳಿದದ್ದು 12. ಅವನ ಮಂತ್ರ ಇಷ್ಟೇ ಇರಬೇಕು!

ನಾನಿರುವುದು ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಬಳಿ. ಶಿಫ್ಟ್ ಮುಗಿಸಿ ಬಂದ ಹುಡುಗರ ಬಾಡಿಗೆ ಕೋಣೆಗಳಲ್ಲಿ ಇಸ್ಪೀಟ್ ಮೊದಲಿನಿಂದಲೂ ಇತ್ತು. ಆಮೇಲೆ ಮೊಬೈಲಿಗೆ ರಮ್ಮಿ, ಪೋಕರ್ ಬಂದವು. ನನಗೆ ಗೊತ್ತಿರುವ ಅಣ್ಣನೊಬ್ಬ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವನು, ಮೂರು ತಿಂಗಳ ಸಂಬಳವನ್ನು ಅದರಲ್ಲಿ ಕಳೆದ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಮಾಡಿತು. ಕೋಣೆಯ ಎಲೆಯಾಟ ನಿಂತಿಲ್ಲ. ಅದೃಷ್ಟ ಕೈಕೊಟ್ಟಿತು ಅಂತಲೇ ಅಣ್ಣ ಈಗಲೂ ಹೇಳುತ್ತಾನೆ. ನನಗೆ ಮಾತ್ರ ಆ ಮಧ್ಯದವನ ನೆನಪಾಗುತ್ತದೆ. ಆಡುವವರು ಯಾರೇ ಗೆಲ್ಲಲಿ, ಆ್ಯಪ್‌ನವರು ಪ್ರತಿ ಆಟದಲ್ಲೂ ತಮ್ಮ ಕಮಿಷನ್ ಮುರಿದುಕೊಳ್ಳುತ್ತಿದ್ದರಲ್ಲ.

ಮಹಾವೀರಾಚಾರ್ಯರು ಜೈನರು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಆರು ದಶಕಕ್ಕೂ ಹೆಚ್ಚು ಆಳಿದ ಈ ದೊರೆಯ ಆಸ್ಥಾನದಲ್ಲೇ ಕವಿರಾಜಮಾರ್ಗ ಹುಟ್ಟಿತು. ಆದಿಪುರಾಣ ಬರೆದ ಜಿನಸೇನಾಚಾರ್ಯರು ದೊರೆಗೆ ಗುರುಗಳು. ಇಂಥ ಕಾಲದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ರಚಿಸಿದರು. ಒಂಬತ್ತು ಅಧ್ಯಾಯ, ಸಾವಿರಕ್ಕೂ ಮಿಕ್ಕಿ ಪದ್ಯ. ಆರಂಭದಲ್ಲೇ ದೊರೆಯ ಹೊಗಳಿಕೆ ಬರುತ್ತದೆ. ಜೊತೆಗೆ ಅಡುಗೆ, ವೈದ್ಯ, ಸಂಗೀತ, ಮನೆ ಕಟ್ಟುವ ಕೆಲಸ ಎಲ್ಲಕ್ಕೂ ಗಣಿತ ಬೇಕೆಂದು ವಾದಿಸುತ್ತಾರೆ. ಅಲ್ಲಿಯವರೆಗೆ ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಳಗಿನ ಅಧ್ಯಾಯವಾಗಿತ್ತು. ಅವರು ಇಡೀ ಪುಸ್ತಕವನ್ನೇ ಗಣಿತಕ್ಕೆ ಕೊಟ್ಟರು.

ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಬರೆದರು. ಇವತ್ತು ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗದು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದದ್ದು ಮಾತ್ರ ಅವರ ಕಾಲಕ್ಕೆ ಬಹಳ ಸ್ಪಷ್ಟ ಮಾತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಯ್ಕೆಗಳನ್ನು ಎಣಿಸುವ ಅವರ ಸೂತ್ರ. ಉಪ್ಪು, ಹುಳಿ, ಖಾರ, ಸಿಹಿ, ಕಹಿ, ಒಗರು ಎಂಬ ಆರು ರುಚಿಗಳನ್ನು ಎಷ್ಟು ವಿಧದಲ್ಲಿ ಬೆರೆಸಬಹುದು ಎಂದು ಕೇಳುತ್ತಾರೆ. ಎರಡೆರಡಾಗಿ ಆರಿಸಿದರೆ 6×5ನ್ನು 1×2ರಿಂದ ಭಾಗಿಸಿ, 15. ಮೂರು ಮೂರಾಗಿ ಆರಿಸಿದರೆ 6×5×4ನ್ನು 1×2×3ರಿಂದ ಭಾಗಿಸಿ, 20. ಎಷ್ಟು ವಸ್ತುವಿಗಾದರೂ ಹೊಂದುವ ಇದೇ ಸೂತ್ರ ಯುರೋಪಿನಲ್ಲಿ ಏರಿಗೋನ್ ಎಂಬಾತನ ಪುಸ್ತಕದಲ್ಲಿ ಕಾಣಿಸಿದ್ದು 1634ರಲ್ಲಿ. ಮಹಾವೀರಾಚಾರ್ಯರು ಸಂಭವನೀಯತೆಯ ಶಾಸ್ತ್ರ ಬರೆಯಲಿಲ್ಲ, ನಿಜ. ಅದು ಪಾಸ್ಕಲ್ ಮತ್ತು ಫರ್ಮಾ 1654ರಲ್ಲಿ ಜೂಜಿನ ಹಣ ಹಂಚುವ ಬಗ್ಗೆ ಪತ್ರ ಬರೆದುಕೊಂಡ ಮೇಲೆ ಬೆಳೆದದ್ದು. ಆದರೆ ಈ ಎಣಿಕೆ ಇಲ್ಲದೆ ಆ ಶಾಸ್ತ್ರ ಒಂದು ಹೆಜ್ಜೆಯೂ ಇಡದು.

ರುಚಿಯ ಬದಲು ಇಸ್ಪೀಟ್ ಎಲೆ ಇಟ್ಟು ನೋಡಿ. 52ರಲ್ಲಿ ಮೂರು ಎಲೆ ಆರಿಸುವ ವಿಧಗಳು 22,100. ಅದರಲ್ಲಿ ಮೂರೂ ಒಂದೇ ಆಗಿ ಬರುವುದು 52, ಅಂದರೆ 425 ಕೈಗೆ ಒಂದು ಸಲ. ಪೋಕರ್‌ನ ಐದು ಎಲೆಗಾದರೆ ಒಟ್ಟು ವಿಧಗಳು 25,98,960.

ಈಗ ಪೋಕರ್‌ನಲ್ಲಿ ಕೊನೆಯ ಎಲೆ ಬರಬೇಕಿದೆ ಎಂದುಕೊಳ್ಳಿ. ಕಾಣುತ್ತಿರುವ ಆರು ಎಲೆಯಲ್ಲಿ ನಿಮಗೆ ಬೇಕಾದ ಬಣ್ಣದವು ನಾಲ್ಕು. ಐದನೆಯದು ಬಂದರೆ ಗೆಲುವು. ಕಾಣದ 46 ಎಲೆಯಲ್ಲಿ ಆ ಬಣ್ಣದವು 9. ಎದುರಾಳಿ ಹಾಕಿದ್ದೂ ಸೇರಿ ನಡುವೆ 300 ರೂಪಾಯಿ ಇದೆ, ಮುಂದುವರಿಯಲು ನೀವು 100 ಹಾಕಬೇಕು. ಇಂಥದೇ ಸಂದರ್ಭ 46 ಸಲ ಬಂದರೆ ಸರಾಸರಿ 9 ಸಲ 300ರಂತೆ 2,700 ಬರುತ್ತದೆ, 37 ಸಲ 100ರಂತೆ 3,700 ಹೋಗುತ್ತದೆ. ಎಲೆ ಕೆಳಗಿಡುವುದೇ ಸರಿ. ನಡುವೆ 500 ಇದ್ದಿದ್ದರೆ 4,500 ಬರುತ್ತಿತ್ತು, ಆಗ 100 ಹಾಕಬಹುದು. ಎಲೆ ಅದೇ, ತೀರ್ಮಾನ ಬೇರೆ. ಇದನ್ನು ಅಣ್ಣನ ಮುಂದೆ ಹಾಳೆಯ ಮೇಲೆ ಬರೆದು ತೋರಿಸಿದೆ. ತಾನು ಒಂದು ಸಲವೂ ನಡುವಿನ ಹಣ ಎಣಿಸಿರಲಿಲ್ಲ, ತನ್ನ ಕೈಯ ಎಲೆ ಮಾತ್ರ ನೋಡುತ್ತಿದ್ದೆ ಎಂದ.

ಮಹಾವೀರಾಚಾರ್ಯರ ಪುಸ್ತಕ ಉಳಿದದ್ದರಲ್ಲಿ ಕನ್ನಡ ಲಿಪಿಗೆ ದೊಡ್ಡ ಪಾಲಿದೆ. ಮೂಡುಬಿದಿರೆಯ ಜೈನ ಮಠದಲ್ಲಿ ಅದರ ಓಲೆಗರಿ ಪ್ರತಿ ಕನ್ನಡ ಅಕ್ಷರದಲ್ಲೇ ಇತ್ತು. ಇಂಥ ಪ್ರತಿಗಳನ್ನು ಹೋಲಿಸಿ ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಹುಂಜದ ಲೆಕ್ಕ ಅದರ ಆರನೇ ಅಧ್ಯಾಯದಲ್ಲಿದೆ.