ನಾದವನ್ನು ಅಳೆದ ಸರ್ ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರನ್ನು ಕೇಳದ ವಿದ್ಯಾರ್ಥಿನಿಯಾಗಲಿ ಪೋಷಕರಾಗಲಿ ನಮ್ಮಲ್ಲಿ ಇರಲಾರರು. ಬೆಳಕನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಈ ಮಹನೀಯರು ಅದಕ್ಕೂ ಮೊದಲು ಅನೇಕ ವರುಷ ನಾದವನ್ನು ಪರೀಕ್ಷಿಸಿದರೆಂಬುದು ಮಾತ್ರ ಹಲವರಿಗೆ ತಿಳಿಯದು.

ರಾಮನ್ನರು 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಅಧ್ಯಾಪಕರಾಗಿದ್ದ ತಂದೆ ಪಿಟೀಲು ನುಡಿಸುತ್ತಿದ್ದರು. ಪತ್ನಿ ಲೋಕಸುಂದರಿಯವರು ವೀಣೆಯನ್ನು ಬಲ್ಲವರು. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸಿನ ಇಲಾಖೆಗೆ ಸೇರಿ, ಕಛೇರಿಯ ಕೆಲಸಕ್ಕೆ ಮುಂಚೆಯೂ ಅನಂತರವೂ ಪ್ರಯೋಗಶಾಲೆಯಲ್ಲಿ ದುಡಿದರು. 1917ರಲ್ಲಿ ಆ ಉದ್ಯೋಗವನ್ನು ತ್ಯಜಿಸಿ ಪ್ರಾಧ್ಯಾಪಕರಾದರು.

ಬರಿಯ ತೊಗಲನ್ನು ಬಿಗಿದು ಬಡಿದರೆ ಹುಟ್ಟುವ ಮೇಲುಸ್ವರಗಳು ಮೂಲಸ್ವರದೊಡನೆ ಹೊಂದವು. ಆದಕಾರಣ ಚರ್ಮವಾದ್ಯದ್ದು ಕೇವಲ ಸದ್ದೆಂದು ಪಾಶ್ಚಾತ್ಯ ಪಂಡಿತರು ಬಗೆದಿದ್ದರು. ನಮ್ಮ ವಿದ್ವಾಂಸರಾದರೋ ಮೃದಂಗವನ್ನು ಶ್ರುತಿಗೆ ಸೇರಿಸಿಯೇ ನುಡಿಸುತ್ತಿದ್ದರು. ಯಾರ ಕಿವಿಯನ್ನು ನಂಬತಕ್ಕದ್ದು? ರಾಮನ್ನರು ಶಿವಕಾಳಿ ಕುಮಾರರೊಡನೆ ಇದನ್ನು ಪರೀಕ್ಷಿಸಿ 1920ರಲ್ಲಿ ಉತ್ತರವನ್ನು ಪ್ರಕಟಿಸಿದರು. ಮೃದಂಗದ ಬಲಮುಖದ ನಡುವಿನ ಕರಿಯ ಕರಣೆಯ ಭಾರದಿಂದ ಮೇಲುಸ್ವರಗಳು ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಾಲಿಗೆ ಸಮೀಪವಾಗಿ ಬಂದು ನಿಲ್ಲುತ್ತವೆ. ಹೆಸರೂ ಉಳಿಯದ ವಾದ್ಯಶಿಲ್ಪಿಗಳ ಕಿವಿಯೇ ಸರಿಯಾಗಿತ್ತು. ತಂಬೂರಿಯ ಬಾಗಿದ ಕುದುರೆಯೂ ಅದರ ಮೇಲೆ ತಂತಿಯಡಿ ಇಡುವ ನೂಲೆಳೆಯೂ, ಶಾಸ್ತ್ರದ ಪ್ರಕಾರ ಕೇಳಿಸಬಾರದ ಮೇಲುಸ್ವರಗಳನ್ನು ಕೇಳಿಸುತ್ತವೆಂದೂ ಅವರು ತೋರಿಸಿದರು.

1939ರಲ್ಲಿ ಲಂಡನ್ನಿನಲ್ಲಿ ಸೇರಿದ ಸಭೆಯು ಸೆಕೆಂಡಿಗೆ 440 ಕಂಪನಗಳ ಸ್ವರವನ್ನು ವಾದ್ಯಗಳಿಗೆ ಪ್ರಮಾಣವೆಂದು ಒಪ್ಪಿತು. ನಮ್ಮ ಗಾಯಕಿಯು ತನ್ನ ಕಂಠಕ್ಕೊಪ್ಪುವ ಷಡ್ಜವನ್ನು ತಾನೇ ಆರಿಸಿಕೊಳ್ಳುತ್ತಾಳೆ. ಇಂತಿಷ್ಟೇ ಕಂಪನಗಳಲ್ಲಿ ವಿಶೇಷ ಮಹಿಮೆಯಿದೆಯೆಂದು ನಂಬುವವರೂ ಉಂಟು. ಆದರೆ ರಾಮನ್ನರು ಮೃದಂಗದಲ್ಲಿ ಕಂಡ ಮಾಧುರ್ಯದ ಗುಟ್ಟು ಒಂದು ಸಂಖ್ಯೆಯಲ್ಲ, ಸ್ವರಸ್ವರಗಳ ಪರಸ್ಪರ ಸಂಬಂಧ.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಅದೇ ವರುಷ ಕಮಲಾ ಭಾಗವತ್ ಎಂಬ ತರುಣಿಯು ಪ್ರವೇಶವನ್ನು ಬೇಡಲು, ಹೆಣ್ಣೆಂಬ ಕಾರಣದಿಂದಲೇ ನಿರಾಕರಿಸಿದರು. ಲೋಕದ ನಂಬಿಕೆಗಳನ್ನೆಲ್ಲ ಪರೀಕ್ಷೆಗೆ ಒಡ್ಡಿದವರು ತಮ್ಮ ಈ ನಂಬಿಕೆಯನ್ನು ಪರೀಕ್ಷಿಸಿರಲಿಲ್ಲ. ಆಕೆ ಹಿಮ್ಮೆಟ್ಟಲಿಲ್ಲ, ಒಂದು ವರುಷದ ಪರೀಕ್ಷಾರ್ಥ ಪ್ರವೇಶಕ್ಕೆ ಒಪ್ಪಿ, ತನ್ನ ಕೆಲಸದಿಂದ ಅವರ ಮನಸ್ಸನ್ನು ಗೆದ್ದಳು, ಮುಂದೆ ಕೇಂಬ್ರಿಜ್ಜಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದಳು. ಅನಂತರ ಅಣ್ಣಾ ಮಣಿ ಮುಂತಾದ ಸ್ತ್ರೀಯರು ರಾಮನ್ನರ ಬಳಿಯೇ ಸಂಶೋಧನೆ ಮಾಡಿದರು.

ರಾಮನ್ನರು 1970ನೆಯ ನವೆಂಬರ್ 21ರಂದು ಬೆಂಗಳೂರಿನಲ್ಲಿ ಕಾಲವಾದರು. ಆಂಡರ್ಸನ್‌ಪೇಟೆಯ ನಮ್ಮ ಹೆಣ್ಣುಮಕ್ಕಳು ಅವರ ಚರಿತ್ರೆಯಿಂದ ಎರಡು ಪಾಠಗಳನ್ನು ಕಲಿಯಬಹುದು: ಕಿವಿಗೆ ಕೇಳಿದ್ದನ್ನು ಅಳೆದು ನೋಡುವುದು ಒಂದು, ದೊಡ್ಡವರು ಮುಚ್ಚಿದ ಬಾಗಿಲನ್ನೂ ವಿನಯದಿಂದ, ಆದರೆ ಬಿಡದೆ, ತಟ್ಟುವುದು ಇನ್ನೊಂದು.