ಎಂ. ಕೃಷ್ಣನ್: ಸಂಡೂರಿನ ಏಳು ವರ್ಷಗಳು ಮತ್ತು ಅನಂತರ

1953ರ ಅಕ್ಟೋಬರ್ 1ಕ್ಕೆ ಮೊದಲು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಅದೇ ಜಿಲ್ಲೆಯ ನಡುವೆ, ನಾಲ್ಕೂ ಕಡೆ ಬ್ರಿಟಿಷರ ನೆಲದಿಂದ ಸುತ್ತುವರಿದು, ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನವಿತ್ತು. ಪೂರ್ವಕ್ಕೆ ಎರೆಹೊಲಗಳ ಬಯಲು ಆದವಾನಿಯ ಕಲ್ಲುಗುಡ್ಡಗಳವರೆಗೆ ಹಬ್ಬಿದ್ದರೆ, ಸಂಡೂರು ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳ ನಡುವಿನ ಹಸಿರು ಕಣಿವೆಯಾಗಿತ್ತು. ನಾರಿಹಳ್ಳವು ಬೆಟ್ಟಸಾಲನ್ನು ಸೀಳಿಕೊಂಡು ಹರಿಯುವ ಗಂಡಿಗಳೇ ಒಳಗೆ ಹೋಗುವ ಬಾಗಿಲುಗಳು. ಮುಂದೆ ಭಾರತದ ವನ್ಯಜೀವಿ ಛಾಯಾಗ್ರಹಣದಲ್ಲಿ ಬೇರೆಯದೇ ದಾರಿ ಹಿಡಿದ ಮಾಧವಯ್ಯ ಕೃಷ್ಣನ್ 1942ರಲ್ಲಿ ಈ ಕಣಿವೆಗೆ ಬಂದರು. ಆಗ ಅವರಿಗೆ ಮೂವತ್ತು ವರ್ಷ.

ಕೃಷ್ಣನ್ ಹುಟ್ಟಿದ್ದು 1912ರ ಜೂನ್ 30ರಂದು, ತಿರುನೆಲ್ವೇಲಿಯಲ್ಲಿ. ತಂದೆ ಎ. ಮಾಧವಯ್ಯ ತಮಿಳು ಕಾದಂಬರಿಯ ಆರಂಭಕಾಲದ ಪ್ರಮುಖ ಲೇಖಕರು. ಎಂಟು ಮಕ್ಕಳಲ್ಲಿ ಕೃಷ್ಣನ್ ಕಿರಿಯರು. ಅವರು ಬೆಳೆದ ಮದರಾಸಿನ ಮೈಲಾಪುರ ಆಗ ಪೂರ್ತಿ ಪಟ್ಟಣವಾಗಿರಲಿಲ್ಲ. ಮನೆಯ ಆಚೆಗೇ ಕುರುಚಲು, ಕುರುಚಲಿನಲ್ಲಿ ನರಿ, ಮೊಲ, ಕಾಡುಬೆಕ್ಕು. ಹುಡುಗನೊಂದು ಮುಂಗುಸಿಯನ್ನೂ ಸಾಕಿದ್ದ. 1925ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ ಹದಿಮೂರು ವರ್ಷ.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಕೃಷ್ಣನ್ ಅಂಕಗಳಿಂದ ಹೆಸರಾದವರಲ್ಲ. ಆದರೆ ಅಲ್ಲಿ ಅವರಿಗೆ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪಿ. ಎಫ್. ಫೈಸನ್ ಸಿಕ್ಕರು. ದಕ್ಷಿಣದ ಗಿರಿಧಾಮಗಳ ಹೂಗಿಡಗಳನ್ನು ಕುರಿತು ಪ್ರಮಾಣಗ್ರಂಥ ಬರೆದ ವಿದ್ವಾಂಸರು ಅವರು. ಅವರ ಜೊತೆ ನೀಲಗಿರಿ, ಕೊಡೈಕನಾಲ್ ಬೆಟ್ಟಗಳನ್ನು ಸುತ್ತುತ್ತ ಕೃಷ್ಣನ್ ಗಿಡವನ್ನು ಅದು ನಿಂತ ಜಾಗದಲ್ಲೇ ನೋಡಿ ಗುರುತಿಸುವುದನ್ನು ಕಲಿತರು. ಫೈಸನ್ನರ ಪತ್ನಿ ಡಯಾನಾ ರೂತ್ ಅವರಿಂದ ಜಲವರ್ಣದ ಕೈಚಳಕ ಬಂತು. ಕೃಷ್ಣನ್ ಅವರ ಛಾಯಾಚಿತ್ರಗಳನ್ನು ಮೃಗಗಳ ಚಿತ್ರಗಳೆಂದಷ್ಟೇ ನೋಡುವವರು ಈ ಬೇರನ್ನು ಮರೆಯುತ್ತಾರೆ. ಆನೆಯ ಹಿಂದಿರುವ ಬಿದಿರು ಮೆಳೆ, ಜಿಂಕೆಯ ಕಾಲಡಿಯ ಹುಲ್ಲು ಅವರ ಚೌಕಟ್ಟಿನಲ್ಲಿ ಬರಿಯ ಹಿನ್ನೆಲೆಯಲ್ಲ. ಸಸ್ಯವನ್ನು ಓದಬಲ್ಲ ಕಣ್ಣು ಕಂಡ ಕಾಡು ಅದು.

ಎಂ. ಎ. ಮುಗಿಸಿ ಕಾನೂನು ಪದವಿ ಪಡೆದರೂ ವಕೀಲಿಕೆ ಅವರಿಗೆ ಒಗ್ಗಲಿಲ್ಲ. 1937ರಲ್ಲಿ ಇಂದುಮತಿ ಹಸಬ್ನೀಸ್ ಅವರೊಡನೆ ಮದುವೆಯಾಯಿತು. ಪತ್ರಿಕೆಗಳಿಗೆ ಲೇಖನ, ರೇಖಾಚಿತ್ರ, ವ್ಯಂಗ್ಯಚಿತ್ರ ಕೊಟ್ಟು ಬರುವ ಹಣ ಸಂಸಾರಕ್ಕೆ ಸಾಲದಾಗಿತ್ತು. ಸಂಡೂರಿನ ಕರೆ ಬಂದದ್ದು ಆ ಹೊತ್ತಿನಲ್ಲಿ.

ಚಿಕ್ಕ ಸಂಸ್ಥಾನದಲ್ಲಿ ಒಬ್ಬನೇ ಹಲವು ಕೆಲಸ ಮಾಡಬೇಕು. ಕೃಷ್ಣನ್ ಅಲ್ಲಿ ಶಾಲೆಯ ಉಪಾಧ್ಯಾಯರಾದರು, ನ್ಯಾಯಾಧೀಶರಾದರು, ಪ್ರಚಾರಾಧಿಕಾರಿಯಾದರು, ಕೊನೆಗೆ ಅರಸರ ರಾಜಕೀಯ ಕಾರ್ಯದರ್ಶಿಯೂ ಆದರು. ಈ ಹುದ್ದೆಗಳ ಪಟ್ಟಿಗಿಂತ ಅವುಗಳ ಬಿಡುವಿನಲ್ಲಿ ನಡೆದದ್ದು ಹೆಚ್ಚಿನದು. ಕಾಡಿನಲ್ಲಿ ಕುರಿ ಮೇಯಿಸಿ ನೋಡಿದರು, ಅಂಚೆ ಒಯ್ಯಲೆಂದು ಪಾರಿವಾಳಗಳನ್ನು ಸಾಕಿದರು, ಬೆಟ್ಟಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿದರು. ಕುರಿಯ ಹಿಂದೆ ನಡೆಯುವವನಿಗೆ ಅವಸರವಿರುವುದಿಲ್ಲ. ಯಾವ ಹುಲ್ಲನ್ನು ಕುರಿ ಬಿಡುತ್ತದೆ, ಯಾವ ಪೊದೆಯ ಹತ್ತಿರ ಬೆದರುತ್ತದೆ ಎಂಬುದೆಲ್ಲ ಅವನಿಗೆ ದಿನವೂ ಕಾಣುತ್ತದೆ. ಬಂದೂಕು ಹಿಡಿದು ಕಾಡಿಗೆ ಹೋಗಿ, ಬಳಿಕ ಕ್ಯಾಮೆರಾ ಕೈಗೆತ್ತಿಕೊಂಡವರೇ ಹೆಚ್ಚಾಗಿದ್ದ ಆ ಕಾಲದಲ್ಲಿ ಕೃಷ್ಣನ್ ಕಾಡನ್ನು ಪ್ರವೇಶಿಸಿದ್ದು ಸಸ್ಯಶಾಸ್ತ್ರಿಯ ಮತ್ತು ಕುರುಬನ ದಾರಿಯಿಂದ.

ಅದೇ ವರ್ಷಗಳಲ್ಲಿ ಸಂಡೂರಿನ ಅರಮನೆಯಲ್ಲಿ ಬೆಳೆಯುತ್ತಿದ್ದ ರಾಜಕುಮಾರ ಎಂ. ವೈ. ಘೋರ್ಪಡೆ ಮುಂದೆ ಕರ್ನಾಟಕದ ಹಣಕಾಸು ಮಂತ್ರಿಯಾದದ್ದಲ್ಲದೆ, ನಾಡಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆದರು. ಅಷ್ಟು ಕಿರಿದಾದ ಕಣಿವೆಯಿಂದ ಇಬ್ಬರು ಬಂದದ್ದು ಸಣ್ಣ ಮಾತಲ್ಲ.

1949ರಲ್ಲಿ ಸಂಡೂರು ಭಾರತದೊಳಗೆ ವಿಲೀನವಾಯಿತು. ಸಂಸ್ಥಾನದೊಡನೆ ಕೃಷ್ಣನ್ ಅವರ ನೌಕರಿಯೂ ಮುಗಿಯಿತು. ಮದರಾಸಿಗೆ ಮರಳಿದ ಅವರು ಇನ್ನು ಯಾರ ಕೆಳಗೂ ದುಡಿಯದೆ ಲೇಖನಿ ಮತ್ತು ಕ್ಯಾಮೆರಾದಿಂದಲೇ ಬದುಕಲು ನಿಶ್ಚಯಿಸಿದರು. ವನ್ಯಜೀವಿಗಳ ಬಗ್ಗೆ ಬರೆದು ಹೊಟ್ಟೆ ಹೊರೆಯುವುದು ಅಂದಿನ ಭಾರತದಲ್ಲಿ ಕೇಳರಿಯದ ಸಂಗತಿ. 1950ರಲ್ಲಿ ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯಲ್ಲಿ ಕಂಟ್ರಿ ನೋಟ್‌ಬುಕ್ ಎಂಬ ಅಂಕಣ ಆರಂಭವಾಯಿತು. ಹುಲಿ, ಆನೆಗಳಷ್ಟೇ ಅಲ್ಲ, ಕಾಗೆ, ಅಳಿಲು, ಹಲ್ಲಿ, ಬೀದಿಯ ಮರಗಳೂ ಅಲ್ಲಿ ಜಾಗ ಪಡೆದವು.

ಅವರ ಕ್ಯಾಮೆರಾ ಒಂದು ವಿಚಿತ್ರ ಸಾಧನ. ಬೇರೆ ಬೇರೆ ಕಡೆಯ ಭಾಗಗಳನ್ನು ಜೋಡಿಸಿ ತಾವೇ ಹೊಂದಿಸಿಕೊಂಡಿದ್ದ ಆ ಭಾರದ ಪೆಟ್ಟಿಗೆಗೆ ಸೂಪರ್ ಪಾಂಡರೋಸಾ ಎಂದು ತಮಾಷೆಯ ಹೆಸರಿಟ್ಟಿದ್ದರು. ಬಣ್ಣದ ಫಿಲ್ಮು ಎಲ್ಲೆಡೆ ಬಂದ ಮೇಲೂ ಅವರು ಕಪ್ಪು-ಬಿಳುಪನ್ನು ಬಿಡಲಿಲ್ಲ. ಕೆಲವರಿಗೆ ಅದು ಹಟವೆಂದು ತೋರಿರಬಹುದು. ಆದರೆ ಆನೆಯ ಚರ್ಮದ ಸುಕ್ಕು, ಕಾಟಿಯ ಭುಜದ ಮಾಂಸಖಂಡ, ಒಣಹುಲ್ಲಿನ ಮೇಲೆ ಬಿದ್ದ ನೆರಳು ಇವುಗಳಿಗೆ ಆ ಎರಡು ಬಣ್ಣಗಳು ಸಾಕಾಗಿದ್ದವು. ಚಿತ್ರ ಚೆಲುವಾಗಿರಬೇಕೆಂಬುದು ಅವರಿಗೆ ಎರಡನೆಯ ಮಾತು; ಪ್ರಾಣಿ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತು, ಎಂಥ ನೆಲದಲ್ಲಿ ನಿಂತಿತ್ತು ಎಂಬುದು ಸುಳ್ಳಿಲ್ಲದೆ ದಾಖಲಾಗಬೇಕು. ಇದಕ್ಕಾಗಿ ನಡೆದು, ಇಲ್ಲವೇ ಸಾಕಾನೆಯ ಬೆನ್ನೇರಿ, ಕಾಡಾನೆಗಳ ಹತ್ತಿರಕ್ಕೂ ಹೋಗುತ್ತಿದ್ದರು.

1968ರಲ್ಲಿ ಜವಾಹರಲಾಲ್ ನೆಹರೂ ಫೆಲೋಶಿಪ್ ದೊರೆತು, ಪರ್ಯಾಯದ್ವೀಪ ಭಾರತದ ದೊಡ್ಡ ಸಸ್ತನಿಗಳ ಸಮೀಕ್ಷೆಗೆ ಅನುಕೂಲವಾಯಿತು. ಪದ್ಮಶ್ರೀಯೂ ಅವರಿಗೆ ಸಂದಿತ್ತು. ಸಮೀಕ್ಷೆಯ ಫಲ 1975ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಿಂದ ಪುಸ್ತಕವಾಗಿ ಹೊರಬಂತು. ಸರಕಾರದ ವನ್ಯಜೀವಿ ಸಮಿತಿಗಳಲ್ಲೂ ಅವರು ಕುಳಿತರು, ಆದರೆ ಅಲ್ಲಿ ಹಿತವಾದ ಮಾತನ್ನೇ ಆಡಬೇಕೆಂಬ ಹಂಗು ಅವರಿಗಿರಲಿಲ್ಲ. ಅಭಯಾರಣ್ಯಗಳಲ್ಲಿ ಪರದೇಶದ ಮರಗಳನ್ನು ನೆಡುವುದನ್ನು, ಸಹಜ ಕಾಡನ್ನು ಕಡಿದು ಒಂದೇ ಜಾತಿಯ ನೆಡುತೋಪು ಬೆಳೆಸುವುದನ್ನು ಅವರು ಜೀವನಪೂರ್ತಿ ವಿರೋಧಿಸಿದರು. ಈ ನೆಲದ ಗಿಡಗಳು ಅಳಿದರೆ ಅವುಗಳನ್ನು ನಂಬಿದ ಮೃಗಪಕ್ಷಿಗಳು ಕಾವಲಿದ್ದರೂ ಉಳಿಯವು ಎಂಬುದು ಅವರ ನಿಲುವು. ರಸ್ತೆಬದಿಯಲ್ಲಿ ಗುಲ್‌ಮೊಹರ್ ನೆಟ್ಟು ಬೇವು, ಹೊಂಗೆ, ಹುಣಸೆಗಳನ್ನು ಮರೆಯುವ ಅಭಿರುಚಿಯನ್ನೂ ಅವರು ಕ್ಷಮಿಸಲಿಲ್ಲ. ಆ ಮಾತನ್ನು ಆಗ ಮುದುಕನ ಗೊಣಗಾಟವೆಂದು ತಳ್ಳಿಹಾಕಿದವರಿದ್ದರೆ, ಇಂದು ಬಳ್ಳಾರಿ-ಆದವಾನಿ ಸೀಮೆಯ ಹಳ್ಳದ ದಡಗಳನ್ನೂ ಬೀಳುಗಳನ್ನೂ ಆವರಿಸಿರುವ ಬಳ್ಳಾರಿ ಜಾಲಿಯನ್ನು ನೋಡಬೇಕು. ಹೆಸರಿನಲ್ಲಿ ಬಳ್ಳಾರಿಯಿದ್ದರೂ ಅದರ ತವರು ಅಮೆರಿಕ ಖಂಡ. ಎರೆಭೂತದಂಥ ಹಕ್ಕಿಗೆ ಬೇಕಾದದ್ದು ಬಯಲು ಹುಲ್ಲುಗಾವಲು, ಮುಳ್ಳಿನ ಮೆಳೆಯಲ್ಲ.

1996ರ ಫೆಬ್ರವರಿ 18ರಂದು ಕೃಷ್ಣನ್ ಮದರಾಸಿನಲ್ಲಿ ತೀರಿಕೊಂಡರು. 1950ರಲ್ಲಿ ತೊಡಗಿದ ಅಂಕಣ ಅಂದಿನವರೆಗೂ, ನಲವತ್ತಾರು ವರ್ಷ, ನಡೆದುಬಂದಿತ್ತು. ಅವರ ಕಪ್ಪು-ಬಿಳುಪಿನ ಚಿತ್ರಗಳ ಸಂಪುಟವೊಂದು ಹತ್ತು ವರ್ಷಗಳ ಬಳಿಕ, 2006ರಲ್ಲಿ ಹೊರಬಂತು. ಅದನ್ನು ಸಿದ್ಧಗೊಳಿಸಿದವರಲ್ಲಿ ಬೆಂಗಳೂರಿನ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರೂ ಒಬ್ಬರು.