ಆಗ್ರಾದ ಸಲೀಂ ಮಿರ್ಜಾ ಆದ ರಾವಲ್ಪಿಂಡಿಯ ಬಲರಾಜ್ ಸಾಹ್ನಿ

ಬಲರಾಜ್ ಸಾಹ್ನಿ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಹಿರಿಯರಿಗೆ ಗೊತ್ತು. 1965ರ 'ವಕ್ತ್' ಸಿನಿಮಾದಲ್ಲಿ ಮನೆ ತುಂಬಾ ನೆಂಟರಿರುವಾಗ ಹೆಂಡತಿಯ ಎದುರು ಹಾಡುವ ಲಾಲಾಜಿ ಅಂದರೆ ಸಾಕು, ಮುಖ ನೆನಪಾಗುತ್ತದೆ. ಆದರೆ ನಾವು ಈ ವಾರ ಅವರ ಬಗ್ಗೆ ಬರೆಯಲಿಕ್ಕೆ ಕಾರಣ ಆ ಹಾಡಲ್ಲ. ಬೇರೆ ಒಂದು ಪಾತ್ರ. ಅದನ್ನು ಕೊನೆಗೆ ಹೇಳುತ್ತೇವೆ.

ಹುಟ್ಟಿದ್ದು 1913ರ ಮೇ 1ರಂದು, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. ತಂದೆ ಬಟ್ಟೆ ವ್ಯಾಪಾರಿ, ಆರ್ಯ ಸಮಾಜದವರು. ಮನೆಯಲ್ಲಿ ಶಿಸ್ತು ಜಾಸ್ತಿ. ಮುಂದೆ ದೊಡ್ಡ ಲೇಖಕರಾದ ಭೀಷ್ಮ ಸಾಹ್ನಿ ಇವರ ತಮ್ಮ. ಬಲರಾಜ್ ಲಾಹೋರಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದರು. ತಂದೆಯ ಅಂಗಡಿಯಲ್ಲಿ ಕೂತರೂ ಮನಸ್ಸು ನಿಲ್ಲಲಿಲ್ಲ. ಹೆಂಡತಿ ದಮಯಂತಿಯನ್ನು ಕರೆದುಕೊಂಡು ಊರು ಬಿಟ್ಟರು. ಸ್ವಲ್ಪ ಕಾಲ ಶಾಂತಿನಿಕೇತನದಲ್ಲಿ ಮೇಷ್ಟ್ರು, ಆಮೇಲೆ ಸೇವಾಗ್ರಾಮದಲ್ಲಿ ಗಾಂಧೀಜಿಯ ಹತ್ತಿರ. ಅಲ್ಲಿಂದ ಲಂಡನ್ನಿಗೆ ಹೋಗಿ ಬಿಬಿಸಿ ರೇಡಿಯೋದಲ್ಲಿ ಕೆಲಸ. ಯುದ್ಧದ ಕಾಲ, ಮೇಲಿಂದ ಬಾಂಬು ಬೀಳುವ ಊರು ಅದು.

ಶಾಂತಿನಿಕೇತನದ ಒಂದು ವಿಷಯ ಹೇಳಲೇಬೇಕು. ತಾನು ಹಿಂದಿಯಲ್ಲಿ ಬರೆಯುತ್ತೇನೆ ಅಂತ ಸಾಹ್ನಿ ಹೇಳಿದಾಗ, ನಿಮ್ಮ ಮಾತೃಭಾಷೆ ಪಂಜಾಬಿಯಲ್ಲಿ ಯಾಕೆ ಬರೆಯುವುದಿಲ್ಲ ಎಂದು ಟ್ಯಾಗೋರ್ ಕೇಳಿದರಂತೆ. ಆಗ ಅದು ತಲೆಗೆ ಹೋಗಲಿಲ್ಲ. ಎಷ್ಟೋ ವರ್ಷ ಕಳೆದ ಮೇಲೆ ಸಾಹ್ನಿ ಗುರುಮುಖಿ ಲಿಪಿ ಕಲಿತು, ಪಂಜಾಬಿಯಲ್ಲೇ ಪುಸ್ತಕ ಬರೆದರು. 1962ರಲ್ಲಿ ತಾನು ಹುಟ್ಟಿದ ಊರಿನ ಕಡೆ ಹೋಗಿ ಬಂದದ್ದನ್ನೂ ಅದೇ ಭಾಷೆಯಲ್ಲಿ ಬರೆದಿದ್ದಾರೆ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಅಂತ ಬದುಕುವ ನಮ್ಮಂಥವರಿಗೆ ಇದು ಯೋಚಿಸುವ ವಿಷಯ ಅಲ್ವಾ?

ಲಂಡನ್ನಿನಿಂದ ವಾಪಸ್ ಬಂದು ಗಂಡ ಹೆಂಡತಿ ಇಬ್ಬರೂ ಮುಂಬೈಯಲ್ಲಿ ಇಪ್ಟಾ ನಾಟಕ ತಂಡ ಸೇರಿದರು. ಖ್ವಾಜಾ ಅಹ್ಮದ್ ಅಬ್ಬಾಸ್ ಬರೆದ 'ಜುಬೇದಾ' ನಾಟಕವನ್ನು ಸಾಹ್ನಿಯೇ ನಿರ್ದೇಶಿಸಿದರು. ಬಂಗಾಳದ ಬರಗಾಲದ ಬಗ್ಗೆ 1946ರಲ್ಲಿ ಇದೇ ತಂಡ ತೆಗೆದ 'ಧರ್ತಿ ಕೆ ಲಾಲ್' ಸಿನಿಮಾದಲ್ಲಿ ಇಬ್ಬರೂ ಪಾತ್ರ ಮಾಡಿದರು. ಮರು ವರ್ಷ ದಮಯಂತಿ ತೀರಿಕೊಂಡರು. ಮೂವತ್ತೂ ತುಂಬಿರಲಿಲ್ಲ, ಸಣ್ಣ ಸಣ್ಣ ಮಕ್ಕಳು. ದೇಶ ಎರಡಾದದ್ದೂ ಅದೇ ವರ್ಷ, ಅವರ ಮನೆಯವರು ರಾವಲ್ಪಿಂಡಿ ಬಿಟ್ಟು ಬರಬೇಕಾದದ್ದೂ ಆ ಕಾಲದಲ್ಲೇ.

ಕಮ್ಯುನಿಸ್ಟ್ ಪಕ್ಷದ ಮೆರವಣಿಗೆಗೆ ಹೋಗಿ ಸಾಹ್ನಿ ಜೈಲಿಗೂ ಹೋದರು. ಆಗ ಕೆ. ಆಸಿಫ್ ಅವರ 'ಹಲ್‌ಚಲ್' ಸಿನಿಮಾದ ಕೆಲಸ ನಡೆಯುತ್ತಿತ್ತು. ಆಸಿಫ್ ಸಾಹೇಬರು ಅನುಮತಿ ಪಡೆದು ಇವರನ್ನು ಜೈಲಿನಿಂದ ಶೂಟಿಂಗಿಗೆ ಕರೆಸಿಕೊಳ್ಳುತ್ತಿದ್ದರು. ಅದರಲ್ಲಿ ಇವರ ಪಾತ್ರ ಏನು ಗೊತ್ತುಂಟಾ? ಜೈಲರ್! ಹಗಲಿಗೆ ಜೈಲರ್, ಆಮೇಲೆ ಮತ್ತೆ ಕೈದಿ. ಆ ದಿನಗಳಲ್ಲಿ ಕ್ಯಾಮೆರಾ ಎದುರು ನಿಂತರೆ ಕೈಕಾಲು ಮರಗಟ್ಟುತ್ತಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಹೊಟ್ಟೆಪಾಡಿಗೆ ಗುರುದತ್ತರ 'ಬಾಜಿ'ಗೆ ಚಿತ್ರಕಥೆಯನ್ನೂ ಬರೆದರು. ಬಸ್ಸಿನಲ್ಲಿ ಪ್ರಯಾಣಿಕರನ್ನು ನಗಿಸುತ್ತಿದ್ದ ಬದ್ರುದ್ದೀನ್ ಕಾಜಿ ಎಂಬ ಕಂಡಕ್ಟರನ್ನು ಗುರುದತ್ತರ ಹತ್ತಿರ ಕಳಿಸಿದ್ದು ಇವರೇ. ಆ ಕಂಡಕ್ಟರ್ ಮುಂದೆ ಜಾನಿ ವಾಕರ್ ಆದರು.

1953ರ 'ದೋ ಬಿಘಾ ಜಮೀನ್' ಅವರನ್ನು ನಿಜವಾದ ನಟನನ್ನಾಗಿ ಮಾಡಿತು. ಜಮೀನ್ದಾರನ ಸಾಲ ತೀರಿಸಿ ಎರಡು ಬಿಘಾ ಹೊಲ ಉಳಿಸಿಕೊಳ್ಳಲಿಕ್ಕೆ ಕಲ್ಕತ್ತಾಕ್ಕೆ ಬಂದು ಕೈರಿಕ್ಷಾ ಎಳೆಯುವ ರೈತನ ಕತೆ. ಸೂಟು ಬೂಟಿನ ಈ ಮನುಷ್ಯನನ್ನು ನೋಡಿ ಬಿಮಲ್ ರಾಯ್ ಮೊದಲು ಆಗಲಿಕ್ಕಿಲ್ಲ ಅಂತಲೇ ಅಂದುಕೊಂಡಿದ್ದರು. ಸಾಹ್ನಿ ಸುಮ್ಮನೆ ಕೂರಲಿಲ್ಲ. ಜೋಗೇಶ್ವರಿಯಲ್ಲಿ ಉತ್ತರದಿಂದ ಬಂದ ಹಾಲಿನವರ ಬೀಡಿಗೆ ಹೋಗಿ, ಅವರು ಕೂರುವುದು, ಉಣ್ಣುವುದು, ಮುಂಡಾಸು ಕಟ್ಟುವುದು ಎಲ್ಲ ನೋಡಿದರು. ಕಲ್ಕತ್ತಾದಲ್ಲಿ ಬರಿಗಾಲಲ್ಲಿ ರಿಕ್ಷಾ ಎಳೆದರು. ಆದರೂ ಪಾತ್ರ ಒಳಗೆ ಇಳಿಯಲಿಲ್ಲ. ಒಂದು ದಿನ ಸೋತು ಕೂತಿದ್ದಾಗ ಬಿಹಾರದ ಒಬ್ಬ ರಿಕ್ಷಾದವನು ಹತ್ತಿರ ಬಂದು, ಇದು ಯಾವ ಸಿನಿಮಾ ಅಂತ ವಿಚಾರಿಸಿದ. ಕತೆ ಕೇಳಿದವನೇ ಅಳಲಿಕ್ಕೆ ಶುರು ಮಾಡಿದ. ಅವನದ್ದೂ ಎರಡು ಬಿಘಾ ಜಮೀನು, ಜಮೀನ್ದಾರನ ಹತ್ತಿರ ಅಡವು. ಅದನ್ನು ಬಿಡಿಸಲಿಕ್ಕೆ ಹದಿನೈದು ವರ್ಷದಿಂದ ರಿಕ್ಷಾ ಎಳೆಯುತ್ತಿದ್ದ, ಇನ್ನೂ ಬಿಡಿಸಿರಲಿಲ್ಲ. ಆ ಮೇಲೆ ಸಾಹ್ನಿ ನಟನೆಯ ಪುಸ್ತಕ ಎಲ್ಲ ಬದಿಗಿಟ್ಟು ಆ ಮನುಷ್ಯನನ್ನೇ ಮನಸ್ಸಿಗೆ ತಂದುಕೊಂಡರು. ಸಿನಿಮಾಕ್ಕೆ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು.

1961ರಲ್ಲಿ ಟ್ಯಾಗೋರರ 'ಕಾಬೂಲಿವಾಲಾ' ಕತೆಯ ಪಠಾಣನಾದರು. ಊರಿನ ಮಗಳ ನೆನಪಲ್ಲಿ ಕಲ್ಕತ್ತಾದ ಪುಟ್ಟ ಹುಡುಗಿಗೆ ಒಣದ್ರಾಕ್ಷಿ ಕೊಡುವ ಆ ವ್ಯಾಪಾರಿಯನ್ನು ನೋಡಿದವರು, ಇವರು ಪಠಾಣರಲ್ಲ ಅಂದರೆ ನಂಬುವುದು ಕಷ್ಟ. 1969ರಲ್ಲಿ ಪದ್ಮಶ್ರೀ ಸಿಕ್ಕಿತು. ನಡುವೆ ದುಡ್ಡಿಗಾಗಿ ಮಾಡಿದ ಸಾಧಾರಣ ಸಿನಿಮಾಗಳೂ ಬೇಕಾದಷ್ಟು ಇವೆ, ಅವುಗಳನ್ನು ಬಿಡುವಾ.

ಇನ್ನು ನಾವು ಮೊದಲೇ ಹೇಳಿದ ಪಾತ್ರ. ಮೈಸೂರಿನವರಾದ ಎಂ.ಎಸ್. ಸತ್ಯು ನಿರ್ದೇಶಿಸಿದ 'ಗರ್ಮ್ ಹವಾ'. ಕತೆ ಇಸ್ಮತ್ ಚುಗ್ತಾಯಿಯವರದ್ದು, ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ. ಸಲೀಂ ಮಿರ್ಜಾ ಆಗ್ರಾದಲ್ಲಿ ಶೂ ಮಾಡಿಸುವ ವ್ಯಾಪಾರಿ. ದೇಶ ವಿಭಜನೆಯಾಗಿದೆ, ಬಂಧುಗಳು ಒಬ್ಬೊಬ್ಬರಾಗಿ ರೈಲು ಹತ್ತುತ್ತಿದ್ದಾರೆ. ಇವರು ಮಾತ್ರ ಹೋಗುವುದಿಲ್ಲ. ಇವತ್ತೋ ನಾಳೆಯೋ ಹೋಗುವವರಿಗೆ ಸಾಲ ಕೊಡುವುದು ಹೇಗೆ ಅಂತ ಬ್ಯಾಂಕಿನವರು ಕೊಡುವುದಿಲ್ಲ. ಹವೇಲಿ ಅಣ್ಣನ ಹೆಸರಲ್ಲಿದ್ದ ಕಾರಣ ಸರಕಾರದ ಪಾಲಾಗುತ್ತದೆ. ಬಾಡಿಗೆಗೆ ಮನೆ ಹುಡುಕಿದರೆ ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚುತ್ತದೆ. (ಇದು 1947ರ ಕತೆ ಮಾತ್ರ ಅಂತ ಹೇಳಲಿಕ್ಕೆ ಬಂದಿದ್ದರೆ ಎಷ್ಟು ಒಳ್ಳೆಯದಿತ್ತು.) ಮನೆಯ ನಕ್ಷೆಯನ್ನು ಕರಾಚಿಯ ಅಣ್ಣನಿಗೆ ಕಳಿಸಿದ್ದಕ್ಕೆ ಗೂಢಚಾರ ಅಂತ ಕೇಸು. ಮುದಿ ಉಮ್ಮ ಮನೆ ಬಿಡಲೊಲ್ಲದೆ ಸೌದೆ ಕೋಣೆಯಲ್ಲಿ ಅಡಗಿ ಕೂರುವ ದೃಶ್ಯವನ್ನು ನೋಡಿ ಕಣ್ಣೊರೆಸದವರನ್ನು ನಾವು ಕಂಡಿಲ್ಲ.

ಈ ಎಲ್ಲದರ ನಡುವೆ ಸಾಹ್ನಿ ಒಮ್ಮೆಯೂ ಕೂಗುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಸಿನಿಮಾದಲ್ಲಿ ಸಲೀಂ ಮಿರ್ಜಾರ ಮಗಳು ಸಾಯುತ್ತಾಳೆ. ತಂದೆ ಆ ಮೃತದೇಹದ ಎದುರು ಮಾತೇ ಇಲ್ಲದೆ ನಿಲ್ಲುತ್ತಾರೆ. 1972ರಲ್ಲಿ ಸಾಹ್ನಿಯವರ ಸ್ವಂತ ಮಗಳು ತೀರಿಕೊಂಡಿದ್ದರು. ರಾವಲ್ಪಿಂಡಿಯಲ್ಲಿ ಮನೆ ಕಳೆದುಕೊಂಡ ಹಿಂದೂ ಕುಟುಂಬದವರು ಆಗ್ರಾದಲ್ಲಿ ಮನೆ ಕಳೆದುಕೊಂಡ ಮುಸಲ್ಮಾನನಾಗಿ ನಿಂತದ್ದು. ಎರಡೂ ಕಡೆಯ ನೋವು ಒಂದೇ ಅಂತ ಭಾಷಣದಲ್ಲಿ ಹೇಳುವವರು ತುಂಬಾ ಇದ್ದಾರೆ. ಮುಖದಲ್ಲಿ ತೋರಿಸಿದವರು ಕಡಿಮೆ.

ಸಾಹ್ನಿ ಆ ಸಿನಿಮಾಕ್ಕೆ ತಮ್ಮ ಧ್ವನಿ ಕೊಟ್ಟು ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ಹೃದಯಾಘಾತದಿಂದ ತೀರಿಕೊಂಡರು. ಅರವತ್ತು ತುಂಬಲಿಕ್ಕೆ ಮೂರು ವಾರವೂ ಇರಲಿಲ್ಲ. ಗಲಾಟೆ ಆದೀತೆಂಬ ಹೆದರಿಕೆಯಲ್ಲಿ ಸೆನ್ಸಾರಿನವರು ಸಿನಿಮಾವನ್ನು ತಿಂಗಳುಗಟ್ಟಲೆ ತಡೆದಿಟ್ಟಿದ್ದರು. ಕೊನೆಗೆ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ, ಸಾಗರ್ ಮತ್ತು ಸಂಗೀತ್ ಟಾಕೀಸುಗಳಲ್ಲಿ. ಜನ ಬಂದು ನೋಡಿದರು, ಗಲಾಟೆ ಆಗಲಿಲ್ಲ. ಅದಾದ ಮೇಲೆಯೇ ಬೇರೆ ಊರುಗಳಿಗೂ ಹೋಯಿತು.